ಅತ್ತೆಯನ್ನು ಅಲೆಯ ಮೇಲೆ ಕಳಿಸಿದ್ದು

ಅತ್ತೆಯವರನ್ನು ಪರಲೋಕಕ್ಕೆ ಸುಸೂತ್ರವಾಗಿ ಸಾಗಿಸುವ ಮಹಾಭಾರವನ್ನು ನಾನೇ ಹೊತ್ತುಕೊಂಡೆ! ನಮ್ಮ ಓಲ್ತೇನಿಯಾದ ಕಡೆ, ತೀರಿಕೊಂಡವರ ನಲವತ್ತನೆಯ ದಿನ ಸೋರೆಬುರುಡೆಯ ಹೋಳಿನಲ್ಲಿ ರೊಟ್ಟಿ, ಮೇಣದಬತ್ತಿ ಇಟ್ಟು ಹೊಳೆಗೆ ಬಿಡಬೇಕು. ದೀಪ ಸಾಗಿದರೆ ಅವರಿಗೆ ಆ ಲೋಕದಲ್ಲಿ ಕುಡಿಯಲು ನೀರು. ನಿಂತರೆ ಬಾಯಾರಿಕೆ.

“ಜಿಯು ಹೊಳೆಗೇ ಹೋಗೋಣ ರೀ,” ಎಂದಳು ಹೆಂಡತಿ ವಿಯೊರಿಕಾ.

“ಅಷ್ಟು ದೂರ ಯಾಕೆ? ಹಿತ್ತಲಾಚೆ ಕೆರೆ ಇಲ್ವಾ? ನಿನ್ನ ಗಂಡ ಭೌತಶಾಸ್ತ್ರದ ಮೇಷ್ಟ್ರು ಕಣೇ! ಕೆರೆ ಹರಿಯದಿದ್ರೆ ಅಲೆ ಎಬ್ಬಿಸ್ತೀನಿ. ನಿಮ್ಮಮ್ಮನ್ನ ರಾಣಿ ಥರ ಹೊತ್ಕೊಂಡು ಹೋಗತ್ತೆ!”

ಅತ್ತೆ ತುದೋರಾ ಒಂದು ಈಸ್ಟರಿಗೆ, ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು, ವಾರದ ಮಟ್ಟಿಗೆಂದು ಬಂದವರು. ಕೋಳಿ ಸಾರಾಯಿತು, ಅತ್ತೆ ಉಳಿದರು! ಸಾರಿಗೆ ಉಪ್ಪು ಕಡಿಮೆ, ಅಳಿಯನಿಗೆ ಬುದ್ಧಿ ಕಡಿಮೆ ಎಂದು ದಿನಾ ಹೇಳುತ್ತಲೇ ನನ್ನ ಲೋಟಕ್ಕೆ ಪ್ಲಮ್ ಸಾರಾಯಿ ಬಗ್ಗಿಸುತ್ತಿದ್ದರು. ನಾನೇನು ಕಡಿಮೆಯೇ? “ನಿಮ್ಮಮ್ಮ ಯಾವಾಗ ಹೊರಡ್ತಾರೆ?” ಎಂದು, ಅವರಿಗೂ ಕೇಳುವಷ್ಟು ಗಟ್ಟಿಯಾಗಿ, ಹೆಂಡತಿಯನ್ನು ವಿಚಾರಿಸುತ್ತಿದ್ದೆ.

ನಲವತ್ತನೆಯ ದಿನ ಮೇಣದಬತ್ತಿ ಹಚ್ಚಿ ಕೆರೆಯಲ್ಲಿ ಬುರುಡೆ ತೇಲಿಬಿಟ್ಟೆವು. ಅದರ ಹಿಂದೆ ಕಲ್ಲೆಸೆದೆ. ಅಲೆ ಎದ್ದಿತು. ಬುರುಡೆ ಏರಿತು, ಇಳಿಯಿತು, ಅಲ್ಲೇ ನಿಂತಿತು. ದೊಡ್ಡ ಕಲ್ಲು. ಮತ್ತೆ ಅದೇ ಕಥೆ! ಕೊನೆಗೆ ಎರಡೂ ಕೈಯಲ್ಲಿ ಬಂಡೆಯನ್ನೇ ಎತ್ತಿಹಾಕಿದೆ. ನೀರು ಚಿಮ್ಮಿ ದೀಪ ನಂದಿತು.

“ರೀ, ಅಲೆ ಆಚೆ ದಡ ಮುಟ್ತು. ಅಮ್ಮ ಇಲ್ಲೇ ಇದ್ದಾರೆ!”

“ಅದೇನಂದ್ರೆ... ಅಲೆ ಮುಂದೆ ಹೋಗತ್ತೆ, ನೀರು ನಿಂತಲ್ಲೇ ಏರಿಳಿಯತ್ತೆ. ತೇಲೋದನ್ನ ಹೊತ್ಕೊಂಡು ಹೋಗಲ್ಲ.”

“ಮೊದಲೇ ಗೊತ್ತಿತ್ತಾ?”

“ವರ್ಷಾ ವರ್ಷಾ ಪಾಠ ಮಾಡ್ತೀನಿ.”

ವಿಯೊರಿಕಾ ದಡದಲ್ಲಿ ಕುಸಿದು ಕೂತಳು. “ಅಮ್ಮನಿಗೆ ಬಾಯಾರಿಕೆ ರೀ,” ಎಂದು ಮಗುವಿನಂತೆ ಅತ್ತಳು. ಇಗರ್ಜಿಗೆ ಹಾಕುವ ಸೂಟಿನಲ್ಲೇ ಸೊಂಟದವರೆಗೆ ನೀರಿಗಿಳಿದು ಬುರುಡೆ ಹಿಡಿದೆ.

“ತಳ್ಳಿ ರೀ!”

ಕೈ ಬರಲಿಲ್ಲ. ಇನ್ನು ಮನೆಯಲ್ಲಿ ಉಪ್ಪು ಕಡಿಮೆ ಎನ್ನುವವರೇ ಇಲ್ಲ. ನೆನೆದ ರೊಟ್ಟಿಯನ್ನು ಎದೆಗವಚಿಕೊಂಡು ನಾನೂ ಅತ್ತುಬಿಟ್ಟೆ.

“ಹೊಳೆಗೆ ನಾಳೆ ಹೋಗೋಣ ಕಣೇ. ನಿಮ್ಮಮ್ಮ ಇನ್ನೊಂದು ದಿನ ಇರಲಿ ಬಿಡು.”

ವಿಯೊರಿಕಾ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು.

“ಅಮ್ಮ ಇದ್ದಾಗ ಈ ಮಾತು ಒಂದೇ ಒಂದು ಸಲ ಅಂದಿದ್ರೆ ರೀ, ಮಾರನೇ ದಿನವೇ ಖುಷಿಯಾಗಿ ಊರಿಗೆ ಹೊರಟುಬಿಡ್ತಿದ್ರು!”