ನಮ್ಮ ದೊಡ್ಡಮ್ಮನ ಗ್ರೀಕ್ ನೆಂಟರು

ನಮ್ಮ ದೊಡ್ಡಮ್ಮನಿಗೆ ಗ್ರೀಸ್ ದೇಶದ ತುಂಬ ನೆಂಟರು. ನಗಬೇಡಿ! ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಬಿಟ್ಟರೆ ಹುಣಸೂರು, ಕೆ.ಆರ್. ನಗರ, ಹೆಚ್ಚೆಂದರೆ ಮೈಸೂರು, ಇಷ್ಟನ್ನೇ ಕಂಡಿರುವ, ಹೊಗೆಸೊಪ್ಪು ಬೆಳೆಯುವ ಮನೆಯ ಹೆಂಗಸಿಗೆ ಅಲ್ಲಿ ನೆಂಟರು ಹೇಗೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ, ಉತ್ತರ ಸಿಕ್ಕಿಲ್ಲ. ಆದರೆ ಅಲ್ಲಿ ಯಾರಿಗಾದರೂ ಒಂದು ನೆಗಡಿಯಾದರೆ ಸಾಕು, ಸುದ್ದಿ ಮೊದಲು ಬರುವುದು ದೊಡ್ಡಮ್ಮನಿಗೆ. ಆಮೇಲೆ ಫೋನಿನಲ್ಲಿ ನನಗೆ.

ಇದಕ್ಕೆಲ್ಲ ಮೂಲ ಅವಳ ಮಗಳು. ಹೆಗ್ಗಡದೇವನಕೋಟೆಗೆ ಮದುವೆಯಾಗಿ ಹೋದವಳು ಹಬ್ಬಕ್ಕೆ ಬಂದಾಗ ತನ್ನ ಹಳೇ ಫೋನನ್ನು ಅಮ್ಮನ ಕೈಗಿಟ್ಟು, "ಬೇಜಾರಾದ್ರೆ ಇಲ್ಲಿ ಒತ್ತವ್ವ, ದೇವ್ರ ಕತೆ ಬತ್ತವೆ" ಎಂದು ತೋರಿಸಿ ಹೋದಳು. ದೊಡ್ಡಮ್ಮ ಒತ್ತಿದಳು. ಎಲ್ಲಿ ಒತ್ತಿದಳೋ ಆ ದೇವರಿಗೇ ಗೊತ್ತು! ಯಾರೋ ಒಬ್ಬ ಪುಣ್ಯಾತ್ಮ ಕನ್ನಡದಲ್ಲಿ ಗ್ರೀಕ್ ವೀರರ ಕತೆ ಹೇಳತೊಡಗಿದ. ಅಂಗಳದಲ್ಲಿ ಕೂತು, ಒಣಗಿಸಲು ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ದೊಡ್ಡಮ್ಮ ಕೇಳಿದಳು. ಅವತ್ತು ಹಿಡಿದದ್ದು ಇವತ್ತಿಗೂ ಬಿಟ್ಟಿಲ್ಲ.

ಹೆಸರುಗಳು ಮಾತ್ರ ಬಾಯಿಗೆ ಹತ್ತಲಿಲ್ಲ. ಹತ್ತದಿದ್ದರೇನು? ತನಗೆ ಬೇಕಾದ ಹಾಗೆ ತಿದ್ದಿಕೊಂಡಳು. ಅಕಿಲೀಸ್ ಎಂಬ ಮಹಾವೀರ ಅಖಿಲೇಶನಾದ. ಹರ್ಕ್ಯುಲಿಸ್ ನಮ್ಮ ಕಡೆಯ ವಾಡಿಕೆಯಂತೆ ಮೊದಲು ಹಕಾರ ಕಳೆದುಕೊಂಡು, ಆಮೇಲೆ ಬಾಲವನ್ನೂ ಕಳೆದುಕೊಂಡು ಅರ್ಕೇಶನಾದ. ಟ್ರಾಯ್ ಪಟ್ಟಣದ ರಾಜಕುಮಾರ ಹೆಕ್ಟರ್ ಎಕ್ಟೇರು ಆದ. ಅವನಪ್ಪ, ಮುದಿರಾಜ ಪ್ರಿಯಾಮ್, ಪಿರಿಯಪ್ಪನಾದ. ಪಿರಿಯಪ್ಪ ಆಳಿದ ಊರು ಪಿರಿಯಾಪಟ್ಟಣವಲ್ಲದೆ ಇನ್ಯಾವುದಾಗಲು ಸಾಧ್ಯ?

"ಕ್ವಾಟೆ ಇನ್ನೂ ಐತಲ್ಲವ್ವ, ನೀನ್ ನೋಡಿಲ್ವಾ?" ಎಂದು ನನ್ನನ್ನೇ ಕೇಳಿದಳು.

"ಶತ್ರುಗಳು ಹಡಗಲ್ಲಿ ಬಂದ್ರು ಅಂತೀಯಲ್ಲ ದೊಡ್ಡಮ್ಮ, ಪಿರಿಯಾಪಟ್ಟಣಕ್ಕೆ ಸಮುದ್ರ ಎಲ್ಲಿಂದ ಬಂತು?"

ಅವಳು ಒಂದು ಕ್ಷಣವೂ ತಡವರಿಸಲಿಲ್ಲ. "ಆಗ ಇತ್ತೇನೋ. ಈಗ ಕೆರೆಗಳೇ ಬತ್ತೋಗವೆ, ಸಮುದ್ರ ಉಳ್ಕಂಡಾದಾ?"

ನನಗೇ ಅನುಮಾನ ಬಂತು. ಇತ್ತೇ?

ಇನ್ನೊಂದು ತೊಡಕೆಂದರೆ, ಆ ಫೋನು ಕತೆಗಳನ್ನು ತನಗೆ ತೋಚಿದ ಕ್ರಮದಲ್ಲಿ ಹೇಳುತ್ತದೆ. ಇವತ್ತು ಸತ್ತವನು ನಾಳೆ ಮದುವೆಯಾಗುತ್ತಾನೆ, ನಾಡಿದ್ದು ಹುಟ್ಟುತ್ತಾನೆ. ದೊಡ್ಡಮ್ಮ ಎಲ್ಲಕ್ಕೂ ಒಂದೇ ಶ್ರದ್ಧೆಯಿಂದ ಅಳುತ್ತಾಳೆ, ನಗುತ್ತಾಳೆ. ಸುಸ್ತಾಗುವುದು ಕೇಳಿಸಿಕೊಳ್ಳುವ ನಮಗೆ.

ನಮ್ಮದು ಹುಣಸೂರಿನಲ್ಲಿ, ಮನೆಯ ಮುಂದೆಯೇ, ಸಣ್ಣ ಔಷಧಿ ಅಂಗಡಿ. ಒಂದು ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ನನ್ನ ಫೋನು ಬಡಿದುಕೊಂಡಿತು. ಈ ಗ್ರೀಕ್ ನೆಂಟರ ಸಂಗತಿ ಇನ್ನೂ ಗೊತ್ತಿರದ ಯಜಮಾನರು ಎತ್ತಿದರು. ಆ ಕಡೆಯಿಂದ ಅಳು.

"ಅಖಿಲೇಶ ಓಗ್ಬುಟ್ಟ ಕಣಪ್ಪಾ! ಇಮ್ಮಡಿಗೆ ಚುಚ್ಕೊಂಡು ಓಗ್ಬುಟ್ಟ! ಮೈಯಾಗೆ ಇನ್ನೆಲ್ಲೂ ಒಂದ್ ಗೀರಿಲ್ಲ!"

ಔಷಧಿ ಅಂಗಡಿಯವರಲ್ಲವೇ, ನಮ್ಮವರಿಗೆ ತಕ್ಷಣ ಹೊಳೆಯಿತು: ಹಿಮ್ಮಡಿಗೆ ಮೊಳೆ, ಧನುರ್ವಾಯು! "ಇಂಜೆಕ್ಷನ್ ಹಾಕಿಸಿರ್ಲಿಲ್ವಾ ಅತ್ತೆ?"

"ಅವ್ರವ್ವ ಮಗೀಲೇ ಒಳೇಲಿ ಅದ್ದಿದ್ಲು. ಇಮ್ಮಡಿ ಇಡ್ಕಂಡಿದ್ಲು ನೋಡು, ಅದೊಂದು ನೆನೀನಿಲ್ಲ!"

ಅದ್ದಿದ ಮೈಗೆ ಆಯುಧ ತಾಗದಂತೆ ಮಾಡುವ ಆ ಹೊಳೆಯ ಕತೆ ಗೊತ್ತಿರದ ನಮ್ಮವರಿಗೆ ಈ ಮಾತು ಅರ್ಥವಾಗಲಿಲ್ಲ. ಆದರೆ ಸಾವಿನ ಮನೆಯಲ್ಲಿ ಅಡ್ಡಪ್ರಶ್ನೆ ಹಾಕುವುದುಂಟೇ? ಅಖಿಲೇಶ ದೊಡ್ಡಮ್ಮನ ಕಡೆಯ ಯಾವನೋ ಹುಡುಗನಿರಬೇಕೆಂದುಕೊಂಡು, ಅಂಗಡಿಯ ಬಾಗಿಲು ಎಳೆದು, ಸುಗಂಧರಾಜದ ದೊಡ್ಡ ಹಾರ ಕೊಂಡು, ನಾನು ತಲೆ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಸ್ಕೂಟರ್ ಹತ್ತಿ ಹೊರಟೇ ಹೋಗಿದ್ದರು!

ರಾವಂದೂರಿನಲ್ಲಿ ಜನವಿಲ್ಲ, ಅಳುವಿಲ್ಲ. ದೊಡ್ಡಮ್ಮ ಸೊಪ್ಪು ಕಟ್ಟುತ್ತಾ ಕೂತಿದ್ದಾಳೆ. ಇವರು ಹಾರ ಹಿಡಿದುಕೊಂಡು ತಗ್ಗಿದ ದನಿಯಲ್ಲಿ ಕೇಳಿದರಂತೆ: "ಎತ್ತಿಬಿಟ್ರಾ ಅತ್ತೆ?"

"ಏನ್ನಪ್ಪಾ?"

"ಅದೇ... ಅಖಿಲೇಶನ್ನ?"

"ಅಯ್ಯೋ, ಅವ್ನು ಸತ್ತು ಮೂರು ಸಾವ್ರ ವರ್ಸ ಆಯ್ತಂತೆ. ಕೂತ್ಕಳಿ, ಕಾಪಿ ಕಾಯಿಸ್ತೀನಿ."

ಹಾರ ಹುಣಸೂರಿಗೆ ವಾಪಸು ಬಂದು ನಮ್ಮ ಮಾವನವರ ಫೋಟೋ ಮೇಲೆ ಕೂತಿತು. ಅಷ್ಟು ದೊಡ್ಡ ಹಾರ ಅವರಿಗೆ ಅದುವರೆಗೆ ಬಿದ್ದಿರಲಿಲ್ಲ. ಮುಂದಿನ ವಾರ ದೊಡ್ಡಮ್ಮನ ಫೋನು: "ಅಖಿಲೇಶ ಮುನಿಸ್ಕಂಡು ಗುಡಾರದಾಗೆ ಕೂತವ್ನೆ, ಯಾರ್ ಕರುದ್ರೂ ಬತ್ತಾ ಇಲ್ಲ!" ನಮ್ಮವರು ಹಲ್ಲು ಕಚ್ಚಿಕೊಂಡು ಕೇಳಿದರು: "ಸತ್ತಿದ್ನಲ್ಲ ಅತ್ತೆ?" "ಆಮೇಲ್ ಸಾಯ್ತನೆ ಕಣಪ್ಪ, ಅದ್ಕ್ಯಾಕೆ ಅವಸ್ರ?"

ಇನ್ನು ಅರ್ಕೇಶನ ವಿಷಯ. ಅವನ ಕಷ್ಟ ಕೇಳಿ ದೊಡ್ಡಮ್ಮನ ಕರುಳು ಕಿತ್ತುಬಂದಿತ್ತು. ಬುದ್ಧಿ ಸ್ವಾಧೀನ ತಪ್ಪಿ ಹೆಂಡತಿ ಮಕ್ಕಳನ್ನು ತಾನೇ ಕೊಂದುಕೊಂಡವನು, ಆ ಪಾಪಕ್ಕೆ ಯಾವನೋ ಕೈಲಾಗದ ರಾಜನ ಮನೆಯಲ್ಲಿ ಜೀತ ಮಾಡಿದವನು, ಸಗಣಿ ಬಾಚಿದವನು! ಕೆ.ಆರ್. ನಗರದಲ್ಲಿ ನೆಂಟರ ಮದುವೆಗೆ ಹೋದಾಗ, ಹೊಳೆ ದಂಡೆಯ ಗುಡಿಯೊಂದಕ್ಕೆ ನನ್ನನ್ನು ಎಳೆದುಕೊಂಡು ಹೋಗಿ ಅವನ ಹೆಸರಿಗೆ ಅರ್ಚನೆ ಮಾಡಿಸಿದಳು.

"ಹೆಸರು?" ಎಂದರು ಅರ್ಚಕರು.

"ಅರ್ಕೇಶ."

"ನಕ್ಷತ್ರ?"

ದೊಡ್ಡಮ್ಮ ನನ್ನ ಮುಖ ನೋಡಿದಳು. ನಾನು ಗುಡಿಯ ಕಲ್ಲುಬಸವಣ್ಣನ ಮುಖ ನೋಡಿದೆ. "ಗೊತ್ತಿಲ್ಲ ಸ್ವಾಮಿ. ತೊಟ್ಲಾಗೆ ಮನ್ಗಿದ್ದಾಗ್ಲೇ ಎರಡು ಆವು ಇಸ್ಕಿ ಸಾಯ್ಸ್‌ಬುಟ್ಟವ್ನೆ" ಎಂದಳು.

ಅರ್ಚಕರ ಕೈಯಲ್ಲಿದ್ದ ಹೂವು ಅಲ್ಲೇ ನಿಂತಿತು. ಗಂಭೀರವಾಗಿ ಹೇಳಿದರು: "ಹಾಗಾದ್ರೆ ಅರ್ಚನೆ ಸಾಲದು ತಾಯಿ. ಸರ್ಪಶಾಂತಿ ಮಾಡಿಸ್ಬೇಕು. ಹುಡುಗನ್ನ ಒಂದ್ಸಲ ಕರ್ಕೊಂಡು ಬನ್ನಿ."

ವಾಪಸು ಬರುವ ಬಸ್ಸಿನ ಉದ್ದಕ್ಕೂ ದೊಡ್ಡಮ್ಮನಿಗೆ ಅದೇ ಯೋಚನೆ. ಕರೆತರುವುದು ಹೇಗೆ?

ಈಗ ನಗು ಸ್ವಲ್ಪ ಬದಿಗಿಡಬೇಕು. ಯಾಕೆಂದರೆ ದೊಡ್ಡಮ್ಮನ ಮನೆಯಲ್ಲೇ ಒಂದು ಯುದ್ಧ ನಡೆಯುತ್ತಿತ್ತು, ಆ ಯುದ್ಧಕ್ಕೆ ಗ್ರೀಸಿನಿಂದ ಯಾರೂ ಬರಬೇಕಾಗಿರಲಿಲ್ಲ.

ತೀರಿಕೊಂಡ ನಮ್ಮ ದೊಡ್ಡಪ್ಪನ ತಮ್ಮ, ಅಂದರೆ ದೊಡ್ಡಮ್ಮನ ಮೈದುನ, ಇರುವುದು ಪಕ್ಕದ ಮನೆಯಲ್ಲಿ. ನಡುವೆ ಒಂದೇ ಗೋಡೆ. ನಾನು ಅವರನ್ನು ಚಿಕ್ಕಪ್ಪ ಅನ್ನುತ್ತೇನೆ. ಎರಡು ಹೊಲಗಳ ನಡುವಿನ ಬದುವಿನಲ್ಲಿ ಕೆಂಪು ತೊಳೆಯ ಚಂದ್ರಹಲಸಿನ ಮರವೊಂದಿತ್ತು. ಟ್ರ್ಯಾಕ್ಟರ್ ತಿರುಗಿಸಲು ಜಾಗ ಸಾಲದೆಂದು ಚಿಕ್ಕಪ್ಪ ಅದನ್ನು ಕಡಿಸಿದರು. ಕೇಳದೆ ಕಡಿಸಿದ್ದು ಒಂದು ತಪ್ಪಾದರೆ, ಕಡಿಯುವಾಗ ಗರಗಸದ ಇನ್ನೊಂದು ತುದಿ ಹಿಡಿದಿದ್ದವನು ದೊಡ್ಡಮ್ಮನ ಒಬ್ಬನೇ ಮಗ ಮಾದೇವ! "ನಮ್ಗೂ ದಾರಿ ಆಯ್ತದೆ ಕಣವ್ವ" ಎಂದು ಅವನು ಹೇಳಿದ್ದೇ ತಡ, ದೊಡ್ಡಮ್ಮ "ನನ್ ವಸ್ತ್ಲು ತುಳೀಬ್ಯಾಡ" ಎಂದುಬಿಟ್ಟಳು. ಅವನೂ ಅವಳ ಮಗನೇ ತಾನೆ? ತುಳಿಯಲಿಲ್ಲ. ಬಟ್ಟೆಗಂಟು ಎತ್ತಿಕೊಂಡು ಚಿಕ್ಕಪ್ಪನ ಮನೆ ಸೇರಿದ. ಅವ್ವ ಗೋಡೆಯ ಈಚೆ, ಮಗ ಗೋಡೆಯ ಆಚೆ. ಅವನು ಕೆಮ್ಮಿದರೆ ಇವಳಿಗೆ ಕೇಳಿಸುತ್ತದೆ. ಮಾತಿಲ್ಲ.

ನಾನು ಒಮ್ಮೆ ಸಂಧಾನಕ್ಕೆ ಹೋದೆ. ಅವತ್ತು ಹೆಲೆನ್ ಎಂಬ ಸುಂದರಿಗಾಗಿ ನಡೆದ ಯುದ್ಧದ ಕತೆ ಕೇಳಿ ದೊಡ್ಡಮ್ಮ ಮೂಗಿನ ಮೇಲೆ ಬೆರಳಿಟ್ಟಿದ್ದಳು. "ಒಂದ್ ಎಣ್ಣಿಗೋಸ್ಕರ ಅತ್ತು ವರ್ಸ ಒಡ್ದಾಡುದ್ರಂತೆ! ಬುದ್ಧಿ ಬ್ಯಾಡ್ವಾ?"

ಇದೇ ಸಮಯವೆಂದು ನಾನು ಬಾಯಿ ಹಾಕಿದೆ. "ನೀನು ಒಂದು ಮರಕ್ಕೋಸ್ಕರ ಮಗನ್ನೇ ಬಿಟ್ಟಿದ್ದೀಯಲ್ಲ ದೊಡ್ಡಮ್ಮ?"

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಅದು ಚಂದ್ರಲಸು ಕಣವ್ವಾ!"

ಸಂಧಾನ ಅಲ್ಲಿಗೆ ಮುಗಿಯಿತು.

ಗಾಯಕ್ಕೆ ಉಪ್ಪು ಸವರಿದವನು ಹೆಕ್ಟರ್. ಅವನು ಸತ್ತ ದಿನ ದೊಡ್ಡಮ್ಮ ಜಗುಲಿಯಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ನೀರಿಗೆ ಹೊರಟಿದ್ದ ಹೆಂಗಸರು ಏನಾಯಿತೆಂದು ಕೇಳಿದರೆ, "ಎಕ್ಟೇರು ಓಯ್ತಲ್ರವ್ವಾ, ಅನ್ಯಾಯವಾಗಿ ಓಯ್ತಲ್ಲಾ!" ಎಂದಳು. ರೈತರ ಊರಿನಲ್ಲಿ ಎಕ್ಟೇರು ಹೋಯಿತೆಂದರೆ ಏನರ್ಥ? ಸಂಜೆಯೊಳಗೆ ಊರೆಲ್ಲ ಸುದ್ದಿ: ಮೈದುನ ಅತ್ತಿಗೆಯ ಒಂದು ಹೆಕ್ಟೇರ್ ಜಮೀನು ಬರೆಸಿಕೊಂಡನಂತೆ! ಚಿಕ್ಕಪ್ಪ ಕೆಂಡವಾಗಿ ಗೋಡೆಯಾಚೆಯಿಂದ ಕೂಗಿದರು: "ಅತ್ಗೆಮ್ಮೋ! ನಿಮ್ದೂ ನಮ್ದೂ ಸೇರುದ್ರೂ ಒಂದ್ ಎಕ್ಟೇರಾಗಲ್ಲ, ನಾನ್ ಎಲ್ಲಿಂದ ಒಡ್ಕಳ್ಳಿ?" ದೊಡ್ಡಮ್ಮ ಕತೆಯ ದನಿ ಏರಿಸಿದಳು. ಶತ್ರುಗಳ ಜೊತೆ ಎಕ್ಟೇರಿನ ಮಾತೇ ಎತ್ತುವುದಿಲ್ಲವೆಂದು ನನಗೆ ಫೋನಿನಲ್ಲಿ ಹೇಳಿದಳು.

ಅದಾದ ಮೇಲೆ ಮಾದೇವ ಬಿದ್ದ. ಸೊಪ್ಪು ಹದ ಮಾಡುವ ಬ್ಯಾರನ್ನಿನೊಳಗೆ, ಮೇಲಿನ ತೊಲೆಯ ಮೇಲೆ ನಿಂತು ಸೊಪ್ಪಿನ ಕಡ್ಡಿ ಜೋಡಿಸುತ್ತಿದ್ದಾಗ ಕಾಲು ಜಾರಿತು. ತೊಡೆಯ ಮೂಳೆ ಮುರಿದು, ಮೈಸೂರಿನಲ್ಲಿ ಆಪರೇಷನ್ ಆಗಿ, ಚಿಕ್ಕಪ್ಪನ ಮನೆಯ ಮಂಚದ ಮೇಲೆ ಮಲಗಿದ. ಸುದ್ದಿ ತಿಳಿದು ನಾನು ಮಾತ್ರೆ, ಬ್ಯಾಂಡೇಜುಗಳ ಚೀಲ ಹಿಡಿದು ಹೋದೆ. ಅವನನ್ನು ನೋಡಿ, ಆಮೇಲೆ ದೊಡ್ಡಮ್ಮನ ಅಂಗಳಕ್ಕೆ ಬಂದೆ.

ಅವಳು ಕೇಳಲಿಲ್ಲ. ಹೇಗಿದ್ದಾನೆ, ನೋವೆಷ್ಟಿದೆ, ಊಟ ಮಾಡಿದನೇ, ಒಂದೂ ಕೇಳಲಿಲ್ಲ. ಮಧ್ಯಾಹ್ನದ ಬಿಸಿಲು, ಮುಂದೆ ಸೊಪ್ಪಿನ ರಾಶಿ, ಪಕ್ಕದಲ್ಲಿ ಮಾತಾಡುತ್ತಿರುವ ಫೋನು. ನನಗೆ ಸಿಟ್ಟು ಬಂತು. ಸುಮ್ಮನೆ ಕೂತು ಸೊಪ್ಪು ಜೋಡಿಸಿಕೊಡತೊಡಗಿದೆ.

ಅವತ್ತು ಫೋನಿನವನು ಮತ್ತೆ ಹೆಕ್ಟರನ ಕತೆಗೇ ಬಂದಿದ್ದ. ಅಕಿಲೀಸ್ ಅವನನ್ನು ಕೊಂದು, ಹೆಣವನ್ನೂ ಕೊಡದೆ ತನ್ನ ಪಾಳೆಯದಲ್ಲೇ ಇಟ್ಟುಕೊಂಡಿದ್ದಾನೆ. ಮುದಿರಾಜ ಪ್ರಿಯಾಮ್, ನಮ್ಮ ದೊಡ್ಡಮ್ಮನ ಪಿರಿಯಪ್ಪ, ಮಗನನ್ನು ಕೇಳಲು ಆ ಕೊಂದವನ ಗುಡಾರಕ್ಕೇ ಹೊರಟಿದ್ದಾನೆ.

"ದಂಡು ತಗೊಂಡು ಓದ್ನಾ?" ದೊಡ್ಡಮ್ಮ ನನ್ನನ್ನು ಕೇಳಿದಳು.

"ಇಲ್ಲ ದೊಡ್ಡಮ್ಮ. ಗಾಡಿ ಹೊಡೆಯೋ ಮುದುಕ ಒಬ್ಬನಿದ್ದ, ಅವನೂ ಹೊರಗೇ ನಿಂತ. ಒಳಕ್ಕೆ ಹೋದವನು ಇವನೊಬ್ಬನೇ."

"ರಾಜ ಅಲ್ವಾ ಅವ್ನು? ಮಾನ ಓಗ್ನಿಲ್ವಾ?"

"ಮಗ ಅಲ್ವಾ ದೊಡ್ಡಮ್ಮ."

ಅವಳು ಒಂದೆರಡು ಎಲೆ ಕಟ್ಟಿದಳು. ಆಮೇಲೆ ಅರ್ಧ ಕಟ್ಟಿದ ಕಡ್ಡಿಯನ್ನು ಕೆಳಗಿಟ್ಟು, ಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ನೀರು ಕುಡಿಯಲಿಕ್ಕೆ ಇರಬೇಕು ಎಂದುಕೊಂಡೆ. ಅವಳು ಒಳಗೆ ಹೋಗಲಿಲ್ಲ. ಗೋಡೆಯನ್ನು ಬಳಸಿಕೊಂಡು ಆ ಕಡೆಗೆ ಹೊರಟಳು.

ನಾನು ಗಾಬರಿಯಿಂದ ಫೋನು ಕೈಗೆತ್ತಿಕೊಂಡು ಹಿಂದೆ ಓಡಿದೆ. ಅದನ್ನು ಆರಿಸುವುದು ಹೇಗೆಂದು ಆ ಹೊತ್ತಿಗೆ ತೋಚಲಿಲ್ಲ. ನನ್ನ ಮುಷ್ಟಿಯೊಳಗೇ ಅವನು ಹೇಳುತ್ತಿದ್ದ: ಅಕಿಲೀಸ್ ಮುದುಕನನ್ನು ಮೇಲೆತ್ತಿದನು. ಇಬ್ಬರೂ ಅತ್ತರು. ಆಮೇಲೆ ಅಕಿಲೀಸ್, ಮೊದಲು ಊಟ ಮಾಡು, ಎಂದನು.

ಚಿಕ್ಕಪ್ಪ ಬಾಗಿಲಲ್ಲೇ ಕೂತಿದ್ದರು. ಅತ್ತಿಗೆಯನ್ನು ಕಂಡು ತಟ್ಟನೆ ಎದ್ದು ನಿಂತರು. ಜಗಳಕ್ಕೆ ಸಿದ್ಧವಾಗಿಯೇ ನಿಂತರು ಅನ್ನಿಸುತ್ತದೆ.

"ಪಿರಿಯಪ್ಪ ಬಂದಿದ್ದ..." ಎಂದಳು ದೊಡ್ಡಮ್ಮ. "ಮಗನ್ನ ಕೇಳಕೆ... ಒಬ್ನೇ ಬಂದಿದ್ದ ಕಣಪ್ಪಾ..."

ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ಚಿಕ್ಕಪ್ಪ ಏನೂ ಅರ್ಥವಾಗದೆ ನನ್ನನ್ನು ನೋಡಿದರು, ನನ್ನ ಹಿಂದೆ ಬೀದಿಯನ್ನು ನೋಡಿದರು, ಮತ್ತೆ ಅತ್ತಿಗೆಯ ಕಪ್ಪು ಕೈಗಳನ್ನು ನೋಡಿದರು. ಟವೆಲಿನಿಂದ ಕಣ್ಣೊರೆಸಿಕೊಂಡರು.

"ಏಳಿ ಅತ್ಗೆಮ್ಮ. ಬಿಸ್ಲಾಗೆ ಬಂದಿದ್ದೀರಿ. ಮೊದ್ಲು ಒಳೀಕ್ ಬಂದು ಉಣ್ಣಿ" ಎಂದು ತೋಳು ಹಿಡಿದು ಎಬ್ಬಿಸಿದರು. "ಲೇ, ಇವ್ಳೇ, ಅತ್ಗೆಮ್ಮಂಗೆ ತಟ್ಟೆ ಆಕು!"

ಒಳಗಿನಿಂದ ಮಾದೇವ "ಅವ್ವಾ?" ಎಂದ.

ಮಂಚದ ಪಕ್ಕದಲ್ಲೇ ತಟ್ಟೆ ಇಟ್ಟರು. ಮುದ್ದೆ, ಅವರೆಕಾಳಿನ ಸಾರು. ದೊಡ್ಡಮ್ಮ ಒಂದು ತುತ್ತು ತಾನು ನುಂಗಿದಳು, ಇನ್ನೊಂದು ತುತ್ತು ಮಾದೇವನ ಬಾಯಿಗಿಟ್ಟಳು. ಮೀಸೆ ಬಂದ ಮಗ ಬಾಯಿ ತೆರೆದ. ಮರದ ಮಾತು ಯಾರೂ ಎತ್ತಲಿಲ್ಲ.

ಚಿಕ್ಕಪ್ಪ ಮೆಲ್ಲಗೆ ನನ್ನನ್ನು ಬಾಗಿಲಿಗೆ ಕರೆದರು. ಮುಖದಲ್ಲಿ ನಿಜವಾದ ಕಳವಳವಿತ್ತು.

"ಅಲ್ಲ ಕಣವ್ವ, ಪಿರಿಯಪ್ಪ ಅಂದ್ರೆ ಯಾರು? ಮಗನ್ನ ಕೇಳ್ಕಂಡ್ ಬಂದಿದ್ರಂತೆ, ಒಬ್ರೇ ಬಂದಿದ್ರಂತೆ. ವಯಸ್ಸಾದೋರು ಅಂತ ಕಾಣ್ತದೆ. ನಾನ್ ನೋಡ್ನೇ ಇಲ್ವಲ್ಲ! ಎಲ್ಲವ್ರೆ? ಅವ್ರ್ನೂ ಕರಿ, ಒಂದ್ ತುತ್ತು ಉಣ್ಲಿ."

ನಾನು ಒಳಗೆ ತಿರುಗಿ ನೋಡಿದೆ.

"ಅವ್ರೂ ಉಂಡ್ರು ಚಿಕ್ಕಪ್ಪ" ಎಂದೆ.