ಮಾಡದ ಡಬ್ಬಿಗೆ ಅವರ ಹೆಸರು

ಕೆಲವರ ಮನ್ಯಾಗ ಇಲಿ ಕಾಟ, ಕೆಲವರ ಮನ್ಯಾಗ ಮಂಗ್ಯಾನ ಕಾಟ. ನಮ್ಮ ಮನ್ಯಾಗ ಒಂದು ಡಬ್ಬಿ ಕಾಟ. ಒಂದು ಮುಗೀತು ಅನ್ನೂದ್ರಾಗ ಇನ್ನೊಂದು ಶುರು. ನಡೆಯೂ ಹೊತ್ತಿನ್ಯಾಗ ಮೈಯೆಲ್ಲಾ ಜುಮ್ ಅಂತದ, ಆಮ್ಯಾಲ ಒಲಿ ಮುಂದ ಕುಂತು ನೆನಸಿಕೊಂಡ್ರ ನಗಿ ತಡಕೊಳ್ಳಾಕ ಆಗಂಗಿಲ್ಲ.

ಮೊದಲ ಡಬ್ಬಿ ಬಂದದ್ದು ಹ್ಯಾಂಗ ಅಂತ ಹೇಳ್ತೀನಿ. ಬಸವಕಲ್ಯಾಣದಾಗ ನಮ್ಮದು ಹಳೀ ಮಾಳಗಿ ಮನಿ. ನಮ್ಮವರು, ಅಂದ್ರ ನನ್ನ ಗಂಡ, ಬಜಾರದಾಗ ಕಿರಾಣಿ ಅಂಗಡಿ ಇಟ್ಟಿದ್ರು. ಸೊಸಿ ಛಲೋ ಹಾಡ್ತಾಳ. ಸಂಜೀಕ ಫೋನಿನ ಮುಂದ ಕುಂತು ಸೊಲ್ಲಾಪುರ, ಲಾತೂರ, ಹೈದರಾಬಾದದಾಗ ಇರೂ ನಮ್ಮ ಕಡೆ ಮಂದಿ ಮಕ್ಕಳಿಗೆ ವಚನ ಹಾಡೂದು ಕಲಸ್ತಾಳ. ಅದರ ಸಲುವಾಗೇ ನಮ್ಮವರು ಮುಂದ ನಿಂತು ನೆಟ್ಟಿನ ಡಬ್ಬಿ ಹಾಕಿಸಿದ್ರು. ಹಾಕಾಕ ಬಂದವ, "ಕಾಕಾರ, ವೈಫೈಗೆ ಹೆಸರು ಏನಿಡಲ್ರಿ?" ಅಂದ.

"ಮನಿ ನಂದು, ಗೋಡಿ ನಂದು, ಹೆಸರು ಮಂದೀದು ಯಾಕ ಇಡ್ತಿ? ನಂದೇ ಇಡು. ಕನ್ನಡದಾಗ ಇಡು, ಅಂಗಡಿ ಬೋರ್ಡಿನ ಮ್ಯಾಲ ಇದ್ದಂಗ" ಅಂದ್ರು.

ನನಗ ಓದಾಕ ಬರಂಗಿಲ್ಲ. ಆದ್ರ ಆ ಒಂದು ಹೆಸರಿನ ಆಕಾರ ಗೊತ್ತದ. ಅಂಗಡಿಗೆ ಬುತ್ತಿ ಒಯ್ಯುವಾಗೆಲ್ಲಾ ಬೋರ್ಡು ನೋಡ್ಕೋತ ಹೋದಾಕಿ ನಾನು. ಮಗ ನನಗೊಂದು ಫೋನ್ ಕೊಡಿಸಿ, "ಅವ್ವಾ, ಮ್ಯಾಲಿಂದ ಕೆಳಗ ಬಟ್ಟು ಎಳಿ. ಅಪ್ಪನ ಹೆಸರು ಕಂಡ್ರ ನೆಟ್ ಅದ ಅಂತ ತಿಳಿ" ಅಂತ ಕಲಿಸಿದ. ಕಣ್ಣಿಲೆ ಗುರುತು ಹಿಡೀತೀನಿ, ಬಾಯಿಲೆ ಮಾತ್ರ ಹೇಳಂಗಿಲ್ಲ. ಗಂಡನ ಹೆಸರು ಹೇಳಿದ್ರ ಅವರ ಆಯುಷ್ಯ ಕಡಿಮ್ಯಾಗ್ತದ ಅಂತ ನಮ್ಮವ್ವ ಹೇಳಿ ಕಳಿಸಿದ್ಲು. ಹೇಳಲೇಬೇಕಂದ್ರ ಪ್ರಾಸ ಹಚ್ಚಿ ಒಡಪು ಕಟ್ಟಿ, ಅದರ ಕಡೀಕ ಹೆಸರು ಸೇರಿಸಿ ಹೇಳಬೇಕು. ಮದವ್ಯಾಗ ಒಮ್ಮಿ ಹಂಗ ಹೇಳಿದ್ದು, ಮುಗೀತು.

ಡಬ್ಬಿ ಬಂದು ಭಾಳ ದಿನ ಆಗಿರಲಿಲ್ಲ, ನಮ್ಮವರು ಲಿಂಗೈಕ್ಯರಾದ್ರು. ಪಡಸಾಲಿ ಗೋಡ್ಯಾಗ ದೀಪ ಇಡೂ ಮಾಡ ಅದಲ್ಲ, ಅದರ ಮ್ಯಾಲ ಫೋಟೋ ಹಾಕಿದ್ವಿ. ಅವರೇ ತಂದ ಡಬ್ಬಿ, ಅವರ ಹೆಸರಿನ ಡಬ್ಬಿ, ಎಲ್ಲೆರೆ ಮೂಲ್ಯಾಗ ಬೀಳೂದು ಬ್ಯಾಡ ಅಂತ ನಾನೇ ಅದನ್ನೂ ಆ ಮಾಡದಾಗ ಇಡಿಸಿದೆ.

ಕಾಟ ಶುರುವಾತು.

ದೀಪ ಹಚ್ಚೂ ಹೊತ್ತು

ನಮ್ಮವರದು ಒಂದು ಕಟ್ಟಳೆ ಇತ್ತು. ದೀಪ ಹಚ್ಚೂ ಹೊತ್ತಿಗೆ ಮನ್ಯಾಗ ಯಾವ ಮಿಷನ್ನೂ ಸಪ್ಪಳ ಮಾಡಬಾರದು. ಅಂಗಡಿಯಿಂದ ಬಂದವರೇ ಕಾಲು ತೊಳಿಯೂಕಿಂತ ಮೊದಲ ಟಿವಿ ಬಂದ್ ಮಾಡ್ತಿದ್ರು, ಮಿಕ್ಸರ್ ಬಂದ್ ಮಾಡ್ತಿದ್ರು.

ಅವರು ಹೋದ ಮ್ಯಾಲ ಏನಾಗಾಕ ಹತ್ತಿತು ಕೇಳ್ರಿ. ನಾ ಮಾಡದಾಗ ದೀಪ ಹಚ್ಚೂದು, ಸೊಸಿ ಫೋನಿನ ಮುಂದ ಕುಂತು ಸ್ವರ ಹಿಡಿಯೂದು. ಒಂದೀಟು ಹೊತ್ತು ಛಲೋ. ಆಮ್ಯಾಲ ಡಬ್ಬಿ ಮ್ಯಾಲಿನ ಹಸರು ದೀಪ ಒಂದೊಂದಾಗಿ ಕಣ್ಣು ಮುಚ್ಚಿ, ಕೆಂಪಂದು ಒಂದೇ ಕಣ್ಣು ಪಿಳಿಪಿಳಿ ಅಂತಿತ್ತು. ಫೋನಿನ್ಯಾಗ ಮಕ್ಕಳ ಮುಖ ಎಲ್ಲಾ ಬಾಯಿ ತಕ್ಕೊಂಡು ಹಂಗೇ ಕಲ್ಲಾಗಿ ನಿಂತಿರ್ತಿದ್ದವು. ಮನಿ ತುಂಬ ಸುಮ್ಮಗಾದ ಮ್ಯಾಲ, ಅರ್ಧಾ ಉಳಿದ ಹಾಡಿನ ಬಾಲ ಒಂದು ಫೋನಿನ್ಯಾಗಿಂದ ತಾನೇ ಹೊರಗ ಬಂದು ಕತ್ತಲದಾಗ ಹೋಗೂದು. ಯಾವ ಕೂಸಿನ ದನಿ ಅಂತ ಸೊಸಿಗೂ ಗೊತ್ತಾಗ್ತಿರಲಿಲ್ಲ.

"ಅತ್ತೀ, ಮಾವಾರು ಇನ್ನೂ ಬಂದು ಬಂದ್ ಮಾಡಾಕತ್ತಾರ್ರಿ" ಅಂದ್ಲು ಸೊಸಿ.

ನಾ ಫೋಟೋದ ಕಡೆ ನೋಡಿ ಬೈದೆ. "ಬಂದ್ ಮಾಡೂದಿದ್ರ ಎದುರು ಮನಿ ಟಿವಿ ಬಂದ್ ಮಾಡ್ರಿ. ಕೂಸುಗೋಳು ದೇವರ ಹಾಡು ಹಾಡಾಕತ್ತಾವ, ಅದರ ಮ್ಯಾಲ ಯಾಕ ನಿಮ್ಮ ಸಿಟ್ಟು?"

ನೆಟ್ಟಿನವ ಹಗಲೊತ್ತಿನ್ಯಾಗ ಬಂದು ನೋಡಿದ್ರ ಎಲ್ಲಾ ಹಸರು. "ಬರಾಬರ ಅದಲ್ಲರಿ ಆಯಿ" ಅಂತ ಹೋಗ್ತಿದ್ದ. ಒಂದಿನ ಸಂಜೀಕೇ ಬಾ ಅಂತ ಹಟ ಹಿಡಿದು ಕರಿಸಿದೆ. ಬಂದು ಕುಂತ. ನಾ ದೀಪ ಹಚ್ಚಿದೆ. ಒಂದೀಟು ಹೊತ್ತಾತು, ಹಸರು ಕಣ್ಣು ಮುಚ್ಚಾಕ ಹತ್ತಿದವು. ಅವನೂ ಎದ್ದು ನಿಂತ. ಮೆಲ್ಲಕ ಕೈ ಚಾಚಿ ಡಬ್ಬಿ ಮುಟ್ಟಿ, ಹಂಚು ಮುಟ್ಟಿದಂಗ ಕೈ ಜಗ್ಗಿಕೊಂಡ.

"ಆಯಿ, ಇಷ್ಟು ದೊಡ್ಡ ದೀಪ ಇದರ ಬುಡಕ್ಕ ಇಟ್ಟೀರಿ! ಕುದ್ದು ಹೋಗ್ಯಾದ್ರಿ ಇದು."

"ನಾ ಡಬ್ಬಿಗೆ ಹಚ್ಚಿಲ್ಲೋ ತಮ್ಮಾ, ನಮ್ಮವರಿಗೆ ಹಚ್ಚೀನಿ."

"ನಿಮ್ಮವರಿಗೆ ಶೆಕಿ ಆಗ್ತದೋ ಇಲ್ಲೋ ನನಗ ಗೊತ್ತಿಲ್ರಿ" ಅಂದ ಅವ, ಬಟ್ಟು ಊದಿಕೋತ. "ಡಬ್ಬಿಗಂತೂ ಆಗ್ತದ."

ಎದುರು ಮನಿಯವರ ಫೋನು

ಡಬ್ಬಿ ಮಾಡದಿಂದ ತಗದು ಬೀದಿ ಕಡೆ ಕಿಟಕ್ಯಾಗ ಇಟ್ವಿ, ಗಾಳಿ ಆಡಲಿ ಅಂತ. ಆದ್ರ ಒಳಗ ಬೆಂದು ಹೋಗಿತ್ತಲ್ಲ, ಮನಸ್ಸಿಗೆ ಬಂದಾಗ ನಡೀತಿತ್ತು, ಇಲ್ಲಂದ್ರ ಇಲ್ಲ. ಮಕ್ಕಳ ತಾಯಿತಂದಿ ಬ್ಯಾಸರಾಗಿದ್ರು. "ಬಾಯಾರ, ಮುಂದಿನ ಐತವಾರ ಮಕ್ಕಳು ನಮ್ಮೆಲ್ಲರ ಮುಂದ ಹಾಡ್ಲಿ. ಅವತ್ತೂ ಹಿಂಗೇ ನಿಂತ್ರ ಬ್ಯಾರೆ ಕಡೆ ಹಾಕ್ತೀವಿ" ಅಂತ ಸೊಲ್ಲಾಪುರದ ಒಬ್ಬರು ಎಲ್ಲರ ಪರವಾಗಿ ಹೇಳೇಬಿಟ್ರು. ಸೊಸಿ ಅವತ್ತು ಊಟ ಮಾಡಲಿಲ್ಲ. ಮನಿ ಕೆಲಸ ಬಿಟ್ಟು ಆಕೀದು ಅಂತ ಇದ್ದದ್ದು ಅದೊಂದೇ. ಮಗ ಹೊಸ ಡಬ್ಬಿ ಕೇಳಿ ಬಂದ.

ಹೊಸಾದು ಬರೂಕಿಂತ ಮೊದಲ, ಒಂದಿನ ಎದುರು ಮನಿ ಯಜಮಾನ್ರು ಓಣಿ ದಾಟಿ ನಮ್ಮ ಹೊಸ್ತಿಲಕ್ಕ ಬಂದ್ರು. ಅವರು ನಮ್ಮ ಹೊಸ್ತಿಲ ತುಳಿದದ್ದು ನನಗ ನೆನಪೇ ಇಲ್ಲ. ಅವರ ಮಾಳಗಿ ಪೈಪಿನ ನೀರು ನಮ್ಮ ಅಂಗಳದಾಗ ಬೀಳ್ತದ ಅಂತ ನಮ್ಮವರಿಗೂ ಅವರಿಗೂ ಹಾವು ಮುಂಗಸಿ. "ನಾ ಸತ್ರೂ ಈ ಪೈಪು ತಿರುಗಿಸದ ಬಿಡಂಗಿಲ್ಲ" ಅಂತ ನಮ್ಮವರು ನಡು ಓಣ್ಯಾಗ ನಿಂತು ಅಂದಿದ್ರು.

"ವೈನೀ..." ಅಂದ್ರು. ಕೈಯಾಗಿನ ಫೋನ್ ನನ್ನ ಮುಂದ ಹಿಡದ್ರು. "ನಿಮ್ಮವರು ಬಂದು ಇದರಾಗ ಕುಂತಾರ್ರಿ."

ನೋಡಿದೆ. ಹೌದು, ಅದೇ ಆಕಾರ. ಅಂಗಡಿ ಬೋರ್ಡಿನ ಮ್ಯಾಲಿಂದ ಇಳಿದು ಬಂದಂಗ. ಬಾಜೂಕ ಸಣ್ಣ ಬೀಗದ ಚಿತ್ರ. ನಮ್ಮ ಡಬ್ಬಿ ಅವರ ಮನಿಗೆ ಮುಖ ಮಾಡಿ ಕುಂತದ, ಹೆಸರು ಅವರ ಫೋನಿಗೆ ಕಾಣ್ತದ ಅಂತ ನನಗ ತಕ್ಷಣ ತಿಳೀತು. ಹೇಳಬೇಕಂತ ಬಾಯಿ ತಗದೆ.

"ಮನಿ ಒಳಗ ಬಂದ್ರ ಕಾಣ್ತಾರ್ರಿ, ಬಜಾರಕ್ಕ ಹೋದ್ರ ಕಾಣಂಗಿಲ್ಲ" ಅಂದ್ರು ಅವರು. "ಪೈಪಿನ ಬುಡಕ ನಿಂತ್ರಂತೂ ಪೂರಾ ಗಟ್ಟಿ ಕಾಣ್ತಾರ."

ಬಾಯಿ ಮುಚ್ಚಿದೆ. "ಅವರು ಭಾಳ ಹಟಮಾರಿ ಇದ್ರಪ್ಪ" ಅಂತ ಅಷ್ಟೇ ಅಂದೆ.

ಮರುದಿನ ಗೌಂಡಿ ಬಂದು ಪೈಪು ತಿರುಗಿಸಿದ. ಅದೇ ದಿನ ನನ್ನ ಮಗ, ಹೊಸ ಡಬ್ಬಿ ಬರ್ತದಲ್ಲ ಅಂತ ಹಳೇದನ್ನ ಬಿಚ್ಚಿ ತಗದ. ಸಂಜೀಕ ಎದುರು ಮನಿಯವರು ಮತ್ತ ಬಂದ್ರು, ಕಣ್ಣಾಗ ನೀರು. "ವೈನೀ, ಪೈಪು ತಿರುಗಿಸಿದ್ದೇ ತಡ, ಹ್ವಾದ್ರು ನೋಡ್ರಿ. ಎಂಥಾ ಮಾತಿನ ಮನಿಷಾ!"

ಹುಮನಾಬಾದದಾಗ ಒಂದು ಕಪ್ ಚಾ

ನನ್ನ ಮಗಳನ್ನ ಹುಮನಾಬಾದಕ್ಕ ಕೊಟ್ಟೀವಿ. ಅಳಿಯಾಗ ಕೆಟ್ಟ ಸಾಮಾನೂ ಎಸಿಯಾಕ ಮನಸ್ಸಾಗಂಗಿಲ್ಲ. ಹಳೀ ಡಬ್ಬಿನ ಒಯ್ದು, ಒರಸಿ, ಒಳಗಿನ ಧೂಳ ಊದಿ, ತನ್ನ ಮನಿ ನೆಟ್ಟಿಗೆ ಹಚ್ಚಿ ಬಿಟ್ಟಿದ್ದ. ನನಗ ಇದ್ಯಾವುದೂ ಗೊತ್ತಿಲ್ಲ.

ಶುಕ್ರವಾರ ಮಗಳನ್ನ ನೋಡಾಕ ಬಸ್ಸಿಗೆ ಹೋದೆ. ಮಗಳು ಬಜಾರಕ್ಕ ಹೋಗಿದ್ಲು. ಮನ್ಯಾಗ ಬೀಗತಿ ಒಬ್ಬಾಕಿನೇ ಇದ್ಲು. ಮೋಡ ಕವಿದು ಒಳಗೆಲ್ಲಾ ಮಬ್ಬು, ಕರೆಂಟಿನ ದೀಪ ಇನ್ನೂ ಹಚ್ಚಿರಲಿಲ್ಲ. ಇಬ್ಬರೂ ಚಾಪಿ ಮ್ಯಾಲ ಕುಂತು ಎಲಿ ಅಡಿಕಿ ಹಾಕ್ಕೋಳಾಕತ್ತಿದ್ವಿ. ಸೆರಗಿನ್ಯಾಗ ಕಟ್ಟಿದ ನನ್ನ ಫೋನ್ ತಾನೇ "ಟಣ್" ಅಂತು. ಮತ್ತ "ಟಣ್ ಟಣ್". ತಗದು ಮ್ಯಾಲಿಂದ ಕೆಳಗ ಬಟ್ಟು ಎಳದೆ.

ಅವರ ಹೆಸರು.

ಬಸವಕಲ್ಯಾಣದಾಗ ಬಿಚ್ಚಿ ತಗದ ಹೆಸರು, ಹುಮನಾಬಾದದಾಗ, ನನ್ನ ಹಿಂದ ಹಿಂದೇ. ಬುದ್ಧಿ ಏನೂ ಹೇಳಲಿಲ್ಲ, ಕೈ ಮಾತ್ರ ತಾನೇ ಹೋಗಿ ತಲಿ ಮ್ಯಾಲ ಸೆರಗು ಎಳಕೊಂತು, ಅವರು ಬಾಗಿಲದಾಗ ಬಂದು ನಿಂತಾಗ ಎಳಕೋತಿದ್ದೆನಲ್ಲ, ಹಂಗ.

ಬೀಗತಿ ಕಣ್ಣು ದೊಡ್ಡದು ಮಾಡಿ, "ಯಾರು ಬಂದಾರ್ರಿ?" ಅಂದ್ಲು.

"ನಮ್ಮವರು" ಅಂದುಬಿಟ್ಟೆ.

ಬೀಗತಿ ಖಾಲಿ ಬಾಗಿಲ ನೋಡಿದ್ಲು. ನನ್ನ ಸೆರಗು ನೋಡಿದ್ಲು. ಎದ್ದು ಗೋಡಿ ಹಿಡಕೊಂಡು ಒಳಗ ಹೋಗಿ, ಬಾಗಿಲದ ಎದುರು ಕುರ್ಚಿ ತಂದು ಹಾಕಿದ್ಲು. ಆಮ್ಯಾಲ ಚಾ ಮಾಡಿ ಮೂರು ಕಪ್ ತಂದ್ಲು. ಒಂದು ನನಗ, ಒಂದು ತನಗ, ಒಂದು ಕುರ್ಚಿ ಮುಂದ. ಇಬ್ಬರೂ ಕುಡದ್ವಿ. ಮೂರನೇ ಕಪ್ಪಿನಿಂದ ಹೊಗಿ ಏಳ್ತಿತ್ತು, ಇಬ್ಬರೂ ಅದನ್ನೇ ನೋಡಾಕತ್ತಿದ್ವಿ.

ಅಳಿಯ ಬಂದು ಡಬ್ಬಿ ಸುದ್ದಿ ಹೇಳಿದ ಮ್ಯಾಲ ಜೀವ ಬಂತು. "ಅದರಾಗಿನ ಹೆಸರು ನಾ ಅಳಿಸಿಲ್ರಿ ಅತ್ತೀ. ನಿಮ್ಮ ಫೋನಿಗೆ ಗುರುತು ಸಿಕ್ಕದ" ಅಂದ.

ಬೀಗತಿ ಕುರ್ಚಿ ಮುಂದಿನ ಚಾ ಎತ್ತಾಕ ಹೋದ್ಲು. ನಾ ಆಕೀ ಕೈ ಹಿಡದೆ. "ಇರಲಿ ಬಿಡವ್ವ. ಅವರು ಜೀವಂತ ಇದ್ದಾಗ ನಿಮ್ಮ ಮನ್ಯಾಗ ಕೇಳಿ ಕೇಳಿ ಕುಡೀಬೇಕಿತ್ತು. ಈಗರೆ ಕೇಳದ ಬಂದದ."

ಒಡಪು

ಐತವಾರ ಬಂತು. ಹೊಸ ಡಬ್ಬಿನೂ ಬಂತು. ನೆಟ್ಟಿನವ ಅದನ್ನ ಅದೇ ಕಿಟಕ್ಯಾಗ ಕೂಡಿಸಿ, "ಆಯಿ, ಕಂಪನಿಯಿಂದ ಫೋನ್ ಬರ್ತದ. ಕನೆಕ್ಷನ್ ಯಾರ ಹೆಸರಿನ್ಯಾಗ ಅದ ಕೇಳ್ತಾರ. ಹೇಳಿದ್ರ ಅವರು ಅಲ್ಲಿಂದಲೇ ಚಾಲೂ ಮಾಡ್ತಾರ. ಹಳೇ ಹೆಸರು, ಹಳೇ ಪಾಸ್‌ವರ್ಡ್ ತಾವೇ ಬಂದು ಕೂಡ್ತಾವ" ಅಂತ ಹೇಳಿ ಹೋದ. ಮಗ ಅಂಗಡಿ ಮಾಲು ತರಾಕ ಹುಮನಾಬಾದಕ್ಕ ಹೋಗಿದ್ದ. ಹಚ್ಚಿದ್ರ ಅವನ ಫೋನ್ ಹತ್ತವಲ್ಲದು.

ಹೊತ್ತು ಮುಳುಗಿತು. ಕಂಪನಿ ಫೋನ್ ಬರಲಿಲ್ಲ. ಡಬ್ಬಿ ಮ್ಯಾಲ ಒಂದೇ ಕೆಂಪು ಕಣ್ಣು. ಸೊಸಿ ತನ್ನ ಫೋನಿನ ನೆಟ್ಟಿನ ಮ್ಯಾಲೇ ಮಕ್ಕಳನ್ನ ಕೂಡಿಸಿಕೊಂಡು ಶುರು ಮಾಡಿದ್ಲು. ಹಾಡು ತುಂಡು ತುಂಡಾಗಿ ಬರಾಕತ್ತಿತು. ಮುಖ ನಿಲ್ಲೂದು, ಹರಿಯೂದು. ಸೊಲ್ಲಾಪುರದವರ ದನಿ ಕೇಳಿತು, "ಬಾಯಾರ, ಇವತ್ತೂ ಹಿಂಗೇನ್ರಿ?" ಸೊಸಿ ಹಾಡು ಬಿಡಲಿಲ್ಲ. ಕಣ್ಣು ಮಾತ್ರ ತುಂಬಿ ಬಂದವು.

ಆಗ ನನ್ನ ಫೋನ್ ಬಾರಿಸಿತು. ಅತ್ತಲಾಗ ಒಂದು ಹುಡುಗಿ, ಬೆಂಗಳೂರು ಕಡೆ ಮಾತು.

"ಮೇಡಂ, ಕನೆಕ್ಷನ್ ಯಾರ ಹೆಸರಲ್ಲಿದೆ?"

"ನಮ್ಮವರ ಹೆಸರಿನ್ಯಾಗ."

"ಅವರ ಹೆಸರು ಹೇಳಿ."

"ಬಜಾರದಾಗ ಕಿರಾಣಿ ಅಂಗಡಿ ಇತ್ತವ್ವ. ಯಾರಿಗೆ ಕೇಳಿದ್ರೂ ಹೇಳ್ತಾರ."

"ಹೆಸರು, ಮೇಡಂ."

"ನನ್ನ ಸೊಸಿಗೆ ಮಾವ ಆಗಬೇಕು."

"ಸರಿ, ಅವರಿಗೇ ಫೋನ್ ಕೊಡಿ."

"ಕೊಡಾಕ ಬರಂಗಿಲ್ಲ."

"ಯಾಕೆ, ಮನೇಲಿಲ್ವಾ?"

"ಅದಾರಲ್ಲ. ನನ್ನ ಎದುರಿಗೇ ಅದಾರ. ಗೋಡಿ ಮ್ಯಾಲ."

ಹುಡುಗಿ ಉಸಿರು ತಗೊಂಡದ್ದು ಕೇಳಿಸಿತು. "ಗೋಡೆ... ಮೇಲೆ?"

"ಹೂಂ. ನನ್ನೇ ನೋಡಾಕತ್ತಾರ."

"ಅಜ್ಜಿ," ಅಂದ್ಲು, ದನಿ ಸಣ್ಣಗಾಗಿತ್ತು, "ಹೆಸರು ಒಂದು ಹೇಳಿಬಿಡಿ. ಇಲ್ಲಾಂದ್ರೆ ಚಾಲೂ ಮಾಡೋಕೆ ಆಗಲ್ಲ. ನನಗೂ ಯಾಕೋ ಇಲ್ಲಿ ಕೂರೋಕಾಗ್ತಿಲ್ಲ."

ಸೊಸಿ ಹಾಡ್ಕೋತೇ ನನ್ನ ಕಡೆ ನೋಡಿ ಕೈ ಮುಗದ್ಲು. ನಾ ಫೋಟೋ ನೋಡಿದೆ. ಹೆಸರು ಹೇಳಿದ್ರ ಆಯುಷ್ಯ ಕಡಿಮ್ಯಾಗ್ತದ ಅಂದಿದ್ಲು ಅವ್ವ. ಇನ್ನ ಕಡಿಮ್ಯಾಗಾಕ ಉಳದದ್ದರೆ ಏನದ? ಆದರೂ ಹಂಗೇ ಬೋಳು ಹೆಸರು ಹೇಳಾಕ ನಾಲಿಗಿ ಏಳಲಿಲ್ಲ. ತಲಿ ಮ್ಯಾಲ ಸೆರಗು ಹೊದ್ದೆ, ಎದ್ದು ನಿಂತೆ, ಮದವ್ಯಾಗ ನಿಂತಂಗ. ದನಿ ತೆಗೆದು ಹೇಳಿದೆ:

"ಬಿಳಿ ಜ್ವಾಳದ ರೊಟ್ಟಿ ಮ್ಯಾಲ ಬೆಣ್ಣಿ ಹಚ್ಚಿ ಇಟ್ಟೆ,
ಮಾಡದಾಗಿನ ದೀಪ ಸರಿಸಿ ಡಬ್ಬಿಗೆ ಗಾಳಿ ಬಿಟ್ಟೆ,
ಹಾಡೂ ಮಕ್ಕಳ ಸಲುವಾಗಿ ನಾಚಿಕಿ ಗಂಟು ಸುಟ್ಟೆ..."

ಅಂದು, ಕಡೀಕ ಅವರ ಹೆಸರು ಹೇಳಿಬಿಟ್ಟೆ. ಸೊಸಿನೂ ಹಾಡೂದು ಮರತಿದ್ಲು.

ಅತ್ತಲಾಗಿಂದ ಹುಡುಗಿ ಮೆಲ್ಲಕ ಅಂದ್ಲು, "ಸರಿಯಾಗಿ ಕೇಳಿಸಲಿಲ್ಲ ಅಜ್ಜಿ. ಇನ್ನೊಂದ್ಸಲ ಹೇಳ್ತೀರಾ?"

"ಇನ್ನೊಮ್ಮಿ? ಇದೇನು ಭಾಜಿ ರೇಟೇನ, ಕೇಳಿದಾಗೆಲ್ಲಾ ಹೇಳಾಕ?" ಅನ್ನೂದ್ರಾಗ ಕಿಟಕ್ಯಾಗ ಬೆಳಕು ಕಂಡಿತು. ಹೊಸ ಡಬ್ಬಿ ಕೆಂಪು ಕಣ್ಣು ಮುಚ್ಚಿ, ಹಸರು ಒಂದೊಂದಾಗಿ ತಗೀತು.

"ಇರಲಿ ಬಿಡವ್ವ, ಚಾಲೂ ಆತು."

"ನಾನಿನ್ನೂ ಏನೂ ಒತ್ತಿಲ್ಲ ಅಜ್ಜಿ" ಅಂದ್ಲು ಹುಡುಗಿ. ಆಮ್ಯಾಲ ಆಕೀ ದನಿ ಕೇಳಲೇ ಇಲ್ಲ, ಫೋನ್ ಇಟ್ಟುಬಿಟ್ಟಿದ್ಲು.

ಫೋನಿನ್ಯಾಗ ನಿಂತ ಮುಖ ಎಲ್ಲಾ ಒಮ್ಮೇಲೆ ಅಲ್ಲಾಡಿದವು. ಸೊಸಿ ಸ್ವರ ಹಿಡದ್ಲು. ಮಕ್ಕಳ ಹಾಡು ಒಂದೂ ಕಡಿಯದಂಗ, ಎಣ್ಣಿ ಸುರಿದಂಗ ಮನಿ ತುಂಬಿತು. ತಾಯಿತಂದಿ ಎಲ್ಲಾರೂ ತಲಿ ತೂಗಾಕತ್ತಿದ್ರು.

ಅಷ್ಟರಾಗ ಹೊರಗ ಬಾಗಿಲ ಬಡಿಯೂ ಸಪ್ಪಳ. ತಗದ್ರ ಎದುರು ಮನಿಯವರು. ಕಾಲಾಗ ಚಪ್ಪಲಿಲ್ಲ, ಫೋನ್ ದೂರ ಹಿಡದಾರ.

"ವೈನೀ, ಮತ್ತ ಬಂದಾರ್ರಿ! ಪೈಪು ತಿರುಗಿಸೀನಲ್ಲರಿ! ಇನ್ನೇನು ಬೇಕಂತ ಕೇಳ್ರಿ!"

ನಾ ಒಳಗ ಹೊಳ್ಳಿ ಫೋಟೋ ನೋಡಿದೆ. ಕೆಳಗ ದೀಪ ಉರಿಯಾಕತ್ತದ, ದೀಪದ ಹೊತ್ತಿನ್ಯಾಗೇ ಮನಿ ತುಂಬ ಹಾಡು ನಡದದ, ಯಾರೂ ಬಂದ್ ಮಾಡಿಲ್ಲ.

"ಏನೂ ಬ್ಯಾಡಂತ್ರಿ" ಅಂದೆ. "ಮಕ್ಕಳು ಹಾಡಾಕತ್ತಾರ, ಒದರಬ್ಯಾಡ, ನಿನ್ನ ಟಿವಿನೂ ಬಂದ್ ಮಾಡು ಅಂದ್ರು."

ಅವರು ಓಡಿ ಹೋಗಿ ಟಿವಿ ಬಂದ್ ಮಾಡಿದ್ರು.