ಕೌದಿ ಹೊದ್ದ ಕಂಪ್ಯೂಟರು

ಬೆಳಗ್ಗೆ ಎದ್ದು ಅಂಗಳ ಗುಡಿಸಿ ನೀರು ಹೊಡೆದೆ. ನಲ್ಲಿ ಬಂದಿತ್ತು, ಕೊಡ, ಬಕೆಟ್ಟು, ಕೊನೆಗೆ ಸಾರಿನ ಪಾತ್ರೆಯನ್ನೂ ಬಿಡದೆ ತುಂಬಿಸಿಟ್ಟೆ. ಹಾಲು ಕಾಸಿದೆ. ರೊಟ್ಟಿ ಬಡಿದೆ. ಪುಂಡಿಪಲ್ಯೆ ಸೋಸಿಟ್ಟೆ. ನಮ್ಮವರ ಅಂಗಿಗೆ ಗುಂಡಿ ಹಚ್ಚಿದೆ. ದೇವರಿಗೆ ಊದಿನಕಡ್ಡಿ ಬೆಳಗಿ, ಉಳಿದ ತುಂಡನ್ನು ಕಂಪ್ಯೂಟರಿಗೂ ಬೆಳಗಿದೆ. ಇನ್ನು ಅಕ್ಕನ ಮಗಳ ಲಗ್ನಪತ್ರಿಕೆ ಮಾಡುವುದೊಂದು ಬಾಕಿ. ಊಟದ ಹೊತ್ತಿಗೆ ಅದನ್ನು ಮುಗಿಸಿ ಮಧ್ಯಾಹ್ನ ಶಾವಿಗೆ ಹೊಸೆಯಬೇಕೆಂದು ಹಿಟ್ಟು ಕೂಡ ಜರಡಿ ಹಿಡಿದಿಟ್ಟಿದ್ದೆ.

ಆ ಬೇಸಿಗೆ ನಮ್ಮ ಮನೆಯಲ್ಲಿ ಶಾವಿಗೆ ಆಗಲೇ ಇಲ್ಲ!

ಇದು ಎರಡು ಸಾವಿರದ ಇಸವಿ ದಾಟಿದ ಹೊಸತರ ಮಾತು. ಸಿಂಧನೂರಿನಲ್ಲಿ ನಮ್ಮವರದು ಟೈಪಿಂಗ್ ಶಾಲೆ. ಕಾಲ ಬದಲಾಗುತ್ತಿದೆ ಎಂದು ಒಂದು ಕಂಪ್ಯೂಟರ್ ತಂದೆವು. ಅದನ್ನು ಕಲಿತವಳು ನಾನು. ಲಿಂಗಸುಗೂರಿನಲ್ಲಿ ಅಣ್ಣ ವೀರಭದ್ರಪ್ಪನ ಮನೆಯಲ್ಲಿದ್ದುಕೊಂಡು ಕಲಿತೆ. ಅಣ್ಣನದು ಅಲ್ಲಿ ಬಟ್ಟೆ ಅಂಗಡಿ. ದಿನಾಲು ತಂಗಿಯನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಕ್ಲಾಸಿಗೆ ಬಿಟ್ಟು ಬರುತ್ತಿದ್ದ. ತಲೆ ನರೆಯುತ್ತಿರುವ ತಂಗಿಯನ್ನು! ಬಜಾರಿನ ಮಂದಿ ನಕ್ಕರೆ, "ನಮ್ಮ ತಂಗಿ ಪಾರೂ ಕಂಪ್ಯೂಟರ್ ಕಲಿಯಾಕತ್ಯಾಳ್ರೀ" ಎಂದು ಇನ್ನೂ ಜೋರಾಗಿ ಗಂಟೆ ಬಾರಿಸುತ್ತಿದ್ದ. ಈ ಅಣ್ಣನನ್ನು ಓದುಗರು ಜರಾ ನೆನಪಿಟ್ಟುಕೊಳ್ಳಬೇಕು. ನಾನು ಮರೆತಂತೆ ಮರೆಯಬಾರದು.

ನಮ್ಮ ಮನೆಯ ಪಕ್ಕದಲ್ಲೇ ಅಕ್ಕಿ ಗಿರಣಿ. ಗೊರೇಬಾಳ, ದಢೇಸುಗೂರಿನ ಕಡೆಯಿಂದ ನೆಲ್ಲಿನ ಟ್ರ್ಯಾಕ್ಟರು ಬರಲು ಶುರುವಾಯಿತೆಂದರೆ ನಮ್ಮ ಮನೆಯ ಮೇಲೆ ಹೊಟ್ಟಿನ ಧೂಳಿನ ಮಳೆ. ತಾಟು ತೊಳೆದು ಬೋರಲು ಹಾಕಿದರೆ, ತಿರುಗಿಸುವಷ್ಟರಲ್ಲಿ ಅದರ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. ಇಂಥ ಧೂಳಿನಲ್ಲಿ ಅಷ್ಟು ನಾಜೂಕು ವಸ್ತುವನ್ನು ಬತ್ತಲೆ ಇಡಲಾದೀತೆ? ನಾನು ಅದಕ್ಕೊಂದು ಕೌದಿ ಹೊಲಿದೆ. ತೀರಿಹೋದ ನಮ್ಮವ್ವನ ಹಳೆಯ ಇಳಕಲ್ ಸೀರೆಗಳನ್ನು ಪದರಪದರವಾಗಿ ಜೋಡಿಸಿ, ಸಣ್ಣ ಟಾಕಿನಲ್ಲಿ, ಕೂಸಿಗೆ ಕುಲಾಯಿ ಹೊಲಿದಂತೆ ಅಳತೆಗೆ ಸರಿಯಾಗಿ ಹೊಲಿದೆ. ಟಿವಿಯಂಥ ಪರದೆಯೊಂದನ್ನು ಬಿಟ್ಟು, ಕೆಳಗಿನ ಡಬ್ಬಿಗೆ ಪೂರ್ತಿ ಹೊದಿಕೆ. ಸ್ವಿಚ್ಚಿಗೆ ಒಂದು ಕಿಂಡಿ, ವೈರುಗಳಿಗೆ ಒಂದು ಕಿಂಡಿ. ಕೆಲಸ ಮಾಡುವಾಗಲೂ ತೆಗೆಯುತ್ತಿರಲಿಲ್ಲ. ಧೂಳು ನಮ್ಮ ಕೆಲಸದ ವೇಳೆ ನೋಡಿಕೊಂಡು ಬರುತ್ತದೆಯೇ? ಬಂದವರೆಲ್ಲ ಕಂಪ್ಯೂಟರನ್ನು ಬಿಟ್ಟು ಕೌದಿಯನ್ನೇ ಹೊಗಳುತ್ತಿದ್ದರು. ನಾನು ಉಬ್ಬುತ್ತಿದ್ದೆ.

ಅವತ್ತು ಮಸ್ಕಿಯಿಂದ ನಮ್ಮ ಅಕ್ಕ ಗೌರಕ್ಕ ಮೊದಲ ಬಸ್ಸಿಗೇ ಬಂದಿಳಿದಳು. ಪತ್ರಿಕೆಯ ಹಾಳೆ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ಅವಳ ಕೈಯಲ್ಲಿ ಹೆಸರುಗಳ ಪಟ್ಟಿ, ಬಾಯಲ್ಲಿ ಇನ್ನಷ್ಟು ಹೆಸರುಗಳು.

ಮೊದಲು ಗಣಪತಿಯ ಚಿತ್ರ ಹಾಕಿದೆ. ಬಂತು. ಸುತ್ತಲೂ ಬಳ್ಳಿಯ ಅಂಚು ಬಿಟ್ಟೆ. ಬಂತು. ಕುಲದೇವರ ಚಿತ್ರ, ತೆಂಗಿನಕಾಯಿ ಇಟ್ಟ ಕಳಸ, ಬಾಳೆಗಿಡ ಎಲ್ಲ ಬಂದವು. ಹೆಸರು ಹೊಡೆಯಲು ಶುರು ಮಾಡಿದೆ. ಅಷ್ಟರಲ್ಲಿ ಬಿಸಿಲು ಏರಿತ್ತು. ಕಂಪ್ಯೂಟರು ಕಾಲು ಎಳೆಯತೊಡಗಿತು. ನಾನು ಇಲ್ಲಿ ಅಕ್ಷರ ಒತ್ತಿದರೆ, ಅದು ಊರೆಲ್ಲ ಸುತ್ತಿ ಪರದೆಯ ಮೇಲೆ ಬರುತ್ತಿತ್ತು.

"ಮಾನಪ್ಪ ಕಾಕಾನ ಹೆಸರು ಬರಲಿಲ್ಲಲ್ಲಬೇ?" ಎಂದಳು ಅಕ್ಕ.

"ಬರಾಕತ್ತೈತಿ, ತಡಿ."

"ಅಂವ ಲಗ್ನಕ್ಕೂ ಹಿಂಗ ಬರಾಂವ. ಅಕ್ಕಿಕಾಳು ಬಿದ್ದ ಮ್ಯಾಲೆ!"

ನಗುವ ಹೊತ್ತು ಅದಾಗಿರಲಿಲ್ಲ. ಒಳಗೆ ಪ್ರೊಸೆಸರ್ ಎಂಬುದೊಂದಿದೆ, ಅದೇ ಇದರ ಮಿದುಳು, ಅದಕ್ಕೇ ಏನೋ ಆಗಿದೆ ಎಂದು ನಾನು ಗಂಭೀರವಾಗಿ ಘೋಷಿಸಿದೆ. ನಮ್ಮವರು ಟೈಪ್‌ರೈಟರಿನ ಎಣ್ಣೆಕುಪ್ಪಿ ಹಿಡಿದುಕೊಂಡೇ ಬಂದರು. ಅವರ ಪ್ರಕಾರ ಜಗತ್ತಿನ ಎಲ್ಲ ಯಂತ್ರಗಳ ಎಲ್ಲ ರೋಗಕ್ಕೂ ಒಂದೇ ಔಷಧ.

"ಎರಡು ಹನಿ ಬಿಡ್ತೀನಿ, ಹೆಂಗ ಓಡ್ತೈತಿ ನೋಡು."

"ಮಿದುಳಿಗೆ ಯಾರರ ಎಣ್ಣಿ ಬಿಡ್ತಾರೇನ್ರೀ?"

"ನೀ ವಾರಾ ತಲಿಗೆ ಹಚ್ಚಿಕೊಳ್ಳಂಗಿಲ್ಲೇನು?"

ಕುಪ್ಪಿ ಕಸಿದುಕೊಂಡು ಅಡುಗೆಮನೆಯಲ್ಲಿ ಬಚ್ಚಿಟ್ಟೆ. ಸಿಟ್ಟಾಗದೆ ಅವರು ಎರಡನೆಯ ಸಿದ್ಧಾಂತ ತಂದರು. ಕಾಲುವೆಯ ಕಡೆ ಪಂಪುಗಳೆಲ್ಲ ಓಡುತ್ತಿವೆ, ಹಾಗಾಗಿ ವೋಲ್ಟೇಜ್ ಸಾಲುತ್ತಿಲ್ಲ. ನಾವು ಬಳಸುವ ಕರೆಂಟು ಬಿಟ್ಟುಕೊಟ್ಟರೆ ಕಂಪ್ಯೂಟರಿಗೆ ಹೊಟ್ಟೆ ತುಂಬುತ್ತದೆ. ಇದು ನನಗೂ ನ್ಯಾಯವೆನಿಸಿತು. ದೀಪ ಆರಿಸಿದೆವು. ರೇಡಿಯೋ ನಿಲ್ಲಿಸಿದೆವು. ಏಪ್ರಿಲ್ ತಿಂಗಳಿನ ಸಿಂಧನೂರಿನಲ್ಲಿ, ತಲೆಯ ಮೇಲಿನ ಫ್ಯಾನನ್ನೂ ಬಂದ್ ಮಾಡಿದೆವು!

ಮೂವರೂ ಬೆವರಿನಲ್ಲಿ ತೊಯ್ದೆವು. ಅಕ್ಕ ಸೆರಗಿನಿಂದ ಗಾಳಿ ಹಾಕಿಕೊಂಡಳು. ಕಂಪ್ಯೂಟರ್ ಇನ್ನೂ ನಿಧಾನವಾಯಿತು.

"ಧೂಳು!" ಎಂದೆ ನಾನು. "ಎಲ್ಲೋ ಸಂದಿಯೊಳಗಿಂದ ಧೂಳು ಹೋಗಾಕತ್ತೈತಿ." ಕಿಟಕಿ ಮುಚ್ಚಿದೆ. ಕೌದಿಯ ಅಂಚನ್ನು ಡಬ್ಬಿಯ ಅಡಿಗೆ ಬಿಗಿಯಾಗಿ ಸಿಕ್ಕಿಸಿದೆ. ಸ್ವಿಚ್ಚಿನ ಕಿಂಡಿಯೊಂದು ತೆರೆದಿತ್ತು. ಅದಕ್ಕೂ ಕರವಸ್ತ್ರ ಹೊಚ್ಚಿದೆ. ಬಾಣಂತಿಯನ್ನೂ ನಾನು ಇಷ್ಟು ಜೋಪಾನ ಮಾಡಿದವಳಲ್ಲ.

ಈಗ ಒಂದು ಅಕ್ಷರ ಬರುವಷ್ಟರಲ್ಲಿ ಅಕ್ಕ ಒಂದು ಎಲೆ ಮಡಿಚಿ, ಅಗಿದು ಮುಗಿಸುತ್ತಿದ್ದಳು.

ಆಗ ನನಗೆ ಜ್ಞಾನೋದಯವಾಯಿತು. ಬೆಳಗ್ಗೆ ಹೆಸರು ಕಡಿಮೆ ಇದ್ದಾಗ ಚೆನ್ನಾಗಿ ಓಡುತ್ತಿತ್ತು. ಹೆಸರು ಹೆಚ್ಚಿದಂತೆ ಏದುಸಿರು. ಅಂದರೆ ಇದಕ್ಕೆ ನಮ್ಮ ಬಳಗದ ಭಾರ ತಡೆಯುತ್ತಿಲ್ಲ!

"ಅಕ್ಕಾ, ಒಂದಿಷ್ಟು ಹೆಸರು ಇಳಿಸಬೇಕು ನೋಡು."

"ಯಾರನ್ನ ಇಳಸ್ತಿ? ಬೀಗರನ್ನ ಮುಟ್ಟಬ್ಯಾಡ. ಮಾನಪ್ಪ ಕಾಕಾ ಮೊದಲೇ ಮುನಿಸಿಕೊಳ್ಳಾಂವ. ಟ್ರ್ಯಾಕ್ಟರ್ ಹುಸೇನಿ ಹೆಸರು ಬೇಕೇ ಬೇಕು, ವರಾ ನೋಡಾಕ ನಮ್ಮನ್ನೆಲ್ಲಾ ಕರಕೊಂಡು ಹೋದಾಂವ ಅಂವನ."

ನಾನು ಯೋಚನೆ ಮಾಡಿದೆ. ಲಗ್ನದ ಊಟಕ್ಕೆ ಮೊದಲು ಯಾರನ್ನು ಕೂರಿಸುತ್ತೇವೆ? ಹೊರಗಿನವರನ್ನು. ಬೀಗರು, ಊರವರು, ದೂರದಿಂದ ಬಂದವರು ಎಲ್ಲ ಎದ್ದ ಮೇಲೆ ಕೊನೆಯ ಪಂಕ್ತಿಯಲ್ಲಿ ಮನೆಯವರು, ಅದೂ ಹಪ್ಪಳ ಮುಗಿದ ಮೇಲೆ. ಯಾರಾದರೂ ಬೇಸರ ಮಾಡಿಕೊಳ್ಳುತ್ತಾರೆಯೇ? ಹಾಗೇ ಇದು. ಹೊರಗಿನವರ ಹೆಸರು ಸುಸೂತ್ರವಾಗಿ ಕೂರಲಿ, ಮನೆಯವರನ್ನು ಆಮೇಲೆ ಕರೆದರಾಯಿತು. ಅಣ್ಣನ ಹೆಸರು ತೆಗೆದೆ. ನಮ್ಮವರ ಹೆಸರು, ನನ್ನ ಹೆಸರು ತೆಗೆದೆ.

ತೆಗೆದು ಸೇವ್ ಮಾಡಿದ ಗಳಿಗೆಗೆ ಕರೆಂಟೇ ಹೋಯಿತು.

ಕಾಯುತ್ತ ಚುರುಮುರಿ ನೆನೆಸಿ ಮಂಡಾಳ ಒಗ್ಗರಣೆ ಮಾಡಿ, ಬಾಗಿಲಾಚೆಯ ಬೇವಿನ ನೆರಳಿನಲ್ಲಿ ಕೂತು ತಿಂದೆವು. ಅಕ್ಕ ಬೀಗರ ಸುದ್ದಿ ಹೇಳಿದಳು. ಸಾಕಷ್ಟು ಹೊತ್ತಾದ ಮೇಲೆ ಕರೆಂಟು ಬಂತು. ಕಂಪ್ಯೂಟರ್ ಹಚ್ಚಿ ನೋಡುತ್ತೇನೆ, ಕರುವಿನಂತೆ ಜಿಗಿಯುತ್ತಿದೆ!

"ನೋಡಿದ್ಯಾ?" ಎಂದೆ ವಿಜಯದಿಂದ. "ಭಾರ ಇಳಿಸಿದ ಕೂಡ್ಲೆ!"

ನಮ್ಮವರು ಸಹ ತಲೆಯಾಡಿಸಿದರು. ಸಿದ್ಧಾಂತ ಸಾಬೀತಾದ ಸಂತೋಷದಲ್ಲಿ ನಾನು ಒಂದು ಪ್ರಿಂಟು ತೆಗೆದೆ. ನಮ್ಮ ಮನೆತನದಲ್ಲಿ ಪತ್ರಿಕೆ ಪ್ರೆಸ್ಸಿಗೆ ಹೋಗುವ ಮೊದಲು ಹುಡುಗಿಯ ಸೋದರಮಾವ ನೋಡಬೇಕು. ಅವನು ಬಂದು ಬಾಸಿಂಗ ಕಟ್ಟದೆ ಹುಡುಗಿ ಹಂದರದೊಳಗೆ ಕಾಲಿಡುವ ಹಾಗೇ ಇಲ್ಲ. ಹಾಗಾಗಿ ಆ ಹಾಳೆಯನ್ನು ಮಡಿಚಿ, ಮೇಲೆ "ಅಣ್ಣಾ, ಹೆಸರುಗಳು ಸರಿಯಾಗಿವೆಯೋ ನೋಡಿ ಜಲ್ದಿ ತಿಳಿಸು" ಎಂದು ದುಂಡಗೆ ಬರೆದು, ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದೆ.

ಕೊನೆಯ ಪಂಕ್ತಿಯನ್ನು ಕರೆಯುವುದು ಮರೆತೇ ಹೋಗಿತ್ತು.

ಅಣ್ಣ ತಿಳಿಸಲಿಲ್ಲ. ತಾನೇ ಬಂದ. ಇಳಿಹೊತ್ತಿನಲ್ಲಿ, ಬಸ್ ಸ್ಟ್ಯಾಂಡಿನಿಂದ ನಡೆದುಕೊಂಡೇ ಬಂದು ಬಾಗಿಲಲ್ಲಿ ನಿಂತ. ಚಪ್ಪಲಿ ಬಿಡಲಿಲ್ಲ.

"ಹೆಸರು ಸರಿ ಅದಾವೇನು ನೋಡಂತ ಬರದೀಯಲ್ಲವ್ವಾ, ನೋಡೀನಿ. ಬರೋಬ್ಬರಿ ಅದಾವ. ಟ್ರ್ಯಾಕ್ಟರ್ ಹುಸೇನಿ ಹೆಸರೂ ಐತಿ. ಹುಡುಗಿ ಸೋದರಮಾವಂದು ಒಂದಿಲ್ಲ."



"ಅಯ್ಯ ಅಣ್ಣಾ! ಮಷೀನು ನಿಧಾನ ಆಗಿತ್ತು, ಭಾರ ಕಮ್ಮಿ ಮಾಡಾಕ..."

"ಹೌದೌದು. ನಾ ಭಾರ ಆಗೀನಿ."

"ಹಂಗಲ್ಲೋ ಯಪ್ಪಾ!" ಎಂದು ಅಕ್ಕ ಎದ್ದಳು.

"ನೀ ಸುಮ್ನಿರು ಗೌರಿ. ನೀನೂ ಇಲ್ಲೇ ಕುಂತಿದ್ದೆಲ್ಲಾ? ಲಗ್ನ ಛಂದಂಗ ಮಾಡ್ರಿ. ಬಾಸಿಂಗ ಹುಸೇನಿ ಕಡಿಂದ ಕಟ್ಟಿಸ್ರಿ."

ಅಕ್ಕನ ಮುಖ ಕಪ್ಪಿಟ್ಟಿತು. ಈ ಮಾತು ಹೀಗೇ ಉಳಿದರೆ ಲಗ್ನ ನಿಂತಂತೆಯೇ. ನಾನು ಕಂಪ್ಯೂಟರಿನ ಮುಂದೆ ಹಾರಿ ಕೂತೆ. "ಈಗ, ನಿನ್ನ ಮುಂದ ಹಾಕ್ತೀನಿ ನೋಡಣ್ಣಾ!" ಎಂದು ಅವನ ಹೆಸರು ಒತ್ತಿದೆ. ಅದು ಮಧ್ಯಾಹ್ನದಿಂದ ಬಿಡುವಿಲ್ಲದೆ ಹಚ್ಚಿದ ಯಂತ್ರ, ಕಿಟಕಿ ಮುಚ್ಚಿದೆ, ಫ್ಯಾನ್ ಇಲ್ಲ. ಪರದೆಯ ಮೇಲೆ ಏನೂ ಬರಲಿಲ್ಲ. ಮತ್ತೆ ಒತ್ತಿದೆ. ಬರಲಿಲ್ಲ. ಮತ್ತೆ ಮತ್ತೆ, ಮೌಸನ್ನು ಅಲ್ಲಿ ಇಲ್ಲಿ ಕುಟ್ಟುತ್ತ, ಅಳುತ್ತ ಒತ್ತಿದೆ.

ಅಣ್ಣ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಅಂದ, "ನಿನಗ ಮನಸ್ಸಿದ್ರೂ ನಿನ್ನ ಮಷೀನು ನನ್ನ ಹೆಸರು ಒಲ್ಲೆ ಅನ್ನಾಕತ್ತೈತಿ."

ಅಷ್ಟು ಹೇಳುವಷ್ಟರಲ್ಲಿ ಅವನ ಕಣ್ಣು ಕೌದಿಯ ಮೇಲೆ ಬಿತ್ತು. ಬಗ್ಗಿ ಅದರ ಅಂಚು ಹಿಡಿದ.

"ಇದು ಅವ್ವನ ಸೀರಿ."

ಅಂಚನ್ನು ಬೆರಳಿನಿಂದ ಸವರಿದ.

"ಡಬ್ಬಿಗೆ ಹೊಚ್ಚೀಯಾ? ಅವ್ವಂದು ನನ್ನ ಹಂತ್ಯಾಕ ಒಂದು ಅರಿವಿ ಚೂರಿಲ್ಲ."

ಅವ್ವ ಹೋದ ಮೇಲೆ ಸೀರೆ ಹೆಣ್ಣುಮಕ್ಕಳಿಗೆ ಎಂದು ಅಕ್ಕ, ನಾನು ಹಂಚಿಕೊಂಡಿದ್ದೆವು. ಗಂಡಸಿಗೆ ಸೀರೆ ಯಾಕೆ? ಸೀರೆಗಳನ್ನೇ ಮಾರುವವನಿಗೆ ಇನ್ನೊಂದು ಸೀರೆ ಯಾಕೆ? ನಿನಗೂ ಒಂದು ಬೇಕೇ ಎಂದು ನಾವು ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಆ ದಿನ ಬಾಗಿಲ ಕಟ್ಟೆಯ ಮೇಲೆ ಕೂತು ಗಂಟು ಕಟ್ಟಲು ನಮಗೆ ಹಗ್ಗ ಹೊಸೆದುಕೊಟ್ಟಿದ್ದ, ಅಷ್ಟೇ.

ಅಣ್ಣ ಕೌದಿಯನ್ನು ಒಂದೇ ಸಲಕ್ಕೆ ಎಳೆದುಕೊಂಡು ಕಂಕುಳಲ್ಲಿ ಒತ್ತಿ ಹಿಡಿದ. ಡಬ್ಬಿಯಿಂದ ಭಗ್ಗೆಂದು ಬಿಸಿ ಬಂತು. ಒಲೆಯ ಬಾಯಿ ತೆರೆದ ಹಾಗೆ! ಮುಟ್ಟಿದರೆ ಕೈ ಸುಟ್ಟಿತು. ಮೇಲೆ ರೊಟ್ಟಿ ಹಾಕಿದ್ದರೆ ಉಬ್ಬುತ್ತಿತ್ತೇನೋ.

"ಕುಂದ್ರು ಮಾರಾಯ, ನೀರು ಕುಡಿ" ಎಂದು ನಮ್ಮವರು ಭಾವ-ಮೈದುನತನದ ಸಲುಗೆಯಿಂದ ಅವನ ಕೈ ಹಿಡಿದು ಫ್ಯಾನ್ ಹಾಕಿದರು. ಸೆಕೆ ತಡೆಯದೆ ಅಕ್ಕ ಕಿಟಕಿ ತೆಗೆದಳು. ಅಣ್ಣ ಕೂರಲಿಲ್ಲ. ನಿಂತೇ ನೀರು ಕುಡಿದ. ತಂಬಿಗೆ ಕೆಳಗಿಟ್ಟು ಹೊರಡಲು ತಿರುಗಿದ.

ಅಷ್ಟರಲ್ಲಿ ಪರದೆಯ ಮೇಲೆ ಒಂದು "ವೀರಭದ್ರಪ್ಪ" ಮೂಡಿತು.

ಅದರ ಹಿಂದೆ ಇನ್ನೊಂದು. ಆಮೇಲೆ ಮತ್ತೊಂದು. ನಾನು ಗಾಬರಿಯಲ್ಲಿ ಒತ್ತಿದ್ದೆಲ್ಲ ಒಳಗೆ ಸಾಲುಗಟ್ಟಿ ನಿಂತಿತ್ತು ಅಂತ ಕಾಣುತ್ತದೆ. ಗಾಳಿ ಸಿಕ್ಕ ಕೂಡಲೇ ಬುಳುಬುಳು ಹೊರಗೆ ಬಂತು. ಬೀಗರ ಸಾಲಿನಲ್ಲಿ ವೀರಭದ್ರಪ್ಪ, ಮುಹೂರ್ತದ ಮುಂದೆ ವೀರಭದ್ರಪ್ಪ, ಊಟದ ವೇಳೆಯ ಕೆಳಗೆ ವೀರಭದ್ರಪ್ಪ! ಪತ್ರಿಕೆ ನೋಡಿದವರು ವರನೇ ವೀರಭದ್ರಪ್ಪ ಎನ್ನಬೇಕು, ಹಾಗೆ.

ಅಣ್ಣ ಬಾಗಿಲಲ್ಲಿ ನಿಂತು ನೋಡಿದ. ಅವನ ಮೀಸೆ ಒಂದು ಬದಿಗೆ ಅಲುಗಿತು.

"ಸಾಕಲೇ ಪಾರೂ. ಸೋದರಮಾವಂದು ಒಮ್ಮಿ ಹಾಕಿದ್ರ ಸಾಕು."

ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತ. ಕೌದಿ ಮಾತ್ರ ಕಂಕುಳಿನಿಂದ ಇಳಿಸಲಿಲ್ಲ. ನಾನೂ ಕೇಳಲಿಲ್ಲ.

ಬತ್ತಲೆ ಕಂಪ್ಯೂಟರ್ ಹಾರುತ್ತ ಕೆಲಸ ಮಾಡಿತು. ಅಣ್ಣನೇ ಪಕ್ಕದಲ್ಲಿ ಕೂತು ಒಂದೊಂದೇ ಹೆಸರು ಓದಿಸಿದ. ನಮ್ಮವರು ಹಾಳೆ ಹಿಡಿದು ಪ್ರೆಸ್ಸಿಗೆ ಓಡಿದರು. ನಾನು ಮೂಲೆಯ ಬೂತಿನಿಂದ, ಕಂಪ್ಯೂಟರ್ ಮಾರಿದವರಿಗೆ ಫೋನ್ ಹಚ್ಚಿ ಸುಮ್ಮನೆ ವಿಚಾರಿಸಿದಂತೆ ವಿಚಾರಿಸಿದೆ.

"ಪ್ರೊಸೆಸರಿನ ತಲಿ ಮ್ಯಾಲೆ ಸಣ್ಣ ಫ್ಯಾನ್ ಇರ್ತೈತ್ರಿ ಅಕ್ಕಾರ. ಅದಕ್ಕ ಗಾಳಿ ಸಿಗಲಿಲ್ಲಂದ್ರ ಬಿಸಿ ಆಗಿ, ಸುಟ್ಟುಕೊಳ್ಳಬಾರದಂತ ತಾನಾಗೇ ಸಾವಕಾಶ ಆಗ್ತೈತಿ. ಕೆಲಸ ಭಾಳ ಇದ್ದಾಗಂತೂ ಜಾಸ್ತಿ. ಮ್ಯಾಲೇನರ ಹೊಚ್ಚೀರೇನ್ರಿ?"

"ಛೇ ಛೇ! ಅಷ್ಟೂ ತಿಳಿಯಂಗಿಲ್ಲೇನ್ರಿ ನಮಗ?" ಎಂದೆ.

ರಾತ್ರಿ ಊಟಕ್ಕೆ ಬೆಳಗಿನ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅಣ್ಣನಿಗಾಗಿ ಬಿಸಿ ಅನ್ನ ಮಾಡಿ ತುಪ್ಪ ಹಾಕಿದೆ. ಅವನು ಕಲಸಿಕೊಳ್ಳುತ್ತಿದ್ದಾಗ ನಮ್ಮವರು ತಟ್ಟನೆ ಕೈ ನಿಲ್ಲಿಸಿದರು.

"ಲೇ, ಎಲ್ಲಾ ಬರೋಬ್ಬರಿ ಆತು. ನಮ್ಮಿಬ್ಬರ ಹೆಸರು ಹಾಕಿದೇನು?"

ಹಾಕಿರಲಿಲ್ಲ! ಪ್ರೆಸ್ಸಿನಲ್ಲಿ ಆಗಲೇ ಅಚ್ಚು ಹತ್ತಿರುತ್ತದೆ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ, ಅವನಿಗೆ ಕೆಮ್ಮು ಬಂತು. ಅಕ್ಕ ಬೆನ್ನು ತಟ್ಟಿದಳು.

ಮೊದಲು ಮಲಗಿದವನು ಅಣ್ಣ. ಆ ಸೆಕೆಯಲ್ಲಿ, ಪಡಸಾಲೆಯಲ್ಲಿ, ಕೌದಿಯನ್ನು ಕುತ್ತಿಗೆಯ ತನಕ ಹೊದ್ದು. ಅದು ಡಬ್ಬಿಯ ಅಳತೆಯದು. ಮೊಣಕಾಲಿನಿಂದ ಕೆಳಗೆ ಬರಿಗಾಲು. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ಈ ದಿನ ಕಲಿತ ವಿದ್ಯೆ ಇನ್ನೂ ಬಿಸಿಯಾಗಿತ್ತಲ್ಲ, ಮೆಲ್ಲಗೆ ಸರಿಸಿ ಗಾಳಿ ಆಡಲು ಬಿಡೋಣವೆಂದು ನಾನು ಕೈ ಹಾಕಿದೆ.

ಅಕ್ಕ ನನ್ನ ಕೈ ಹಿಡಿದಳು.

"ಬಿಡಬೇ, ಅಂವೇನು ಕಂಪ್ಯೂಟರಲ್ಲ."